ಲಂಡನ್ ನಗರದ ಗ್ರೀಷ್ಮ ಚಿತ್ರಪ್ರದರ್ಶನಗಳೂ ಪ್ರಾಶ್ನಿಕ ವಿಚಾರವೂ

೧

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಸಿದ್ಧಿಯನ್ನು ವಿಚಾರಮಾಡುವಾಗ, ಅದರ ಗುಣದೋಷಗಳನ್ನು ನಿರ್ಣಯಿಸತಕ್ಕವರಿಗೆ ಪ್ರಾಶ್ನಿಕರೆಂದು ಹೆಸರಿಟ್ಟು, ಅವರು ಯಾರು ಯಾರೆಂಬುದನ್ನು ಎಣಿಸಿ ಹೇಳಿರುವನು. ಯಜ್ಞವನ್ನು ಬಲ್ಲವನು, ನರ್ತಕನು, ಛಂದಸ್ಸನ್ನು ಬಲ್ಲವನು, ಶಬ್ದಶಾಸ್ತ್ರಜ್ಞನು, ಅರಸನು, ಅಸ್ತ್ರವಿದ್ಯೆಯನ್ನು ಬಲ್ಲವನು, ಚಿತ್ರಜ್ಞನು, ವೇಶ್ಯೆ, ಗಾಯಕನು, ರಾಜಸೇವಕನು ಇವರು ಆ ಎಣಿಕೆಯಲ್ಲಿ ಬರುತ್ತಾರೆ. ಇವರಲ್ಲಿ ಒಬ್ಬೊಬ್ಬನಿಗೂ ತಾನು ಬಲ್ಲ ವಿಷಯದಲ್ಲಿಯೇ ತೀರ್ಪಿನ ಅಧಿಕಾರವುಂಟು. ಬಿಲ್ಲು ಹಿಡಿದ ನಟನ ನಿಲುವನ್ನು ಬಿಲ್ಲಾಳು ಹೇಳಬೇಕು. ಅರಸನ ಗಾಂಭೀರ್ಯವನ್ನು ಅರಸನೇ ಹೇಳಬೇಕು. ಎಲ್ಲವನ್ನೂ ಒಬ್ಬನೇ ಬಲ್ಲನೆಂದು ಮುನಿಯು ಒಪ್ಪಲಿಲ್ಲ. ಯಾರೂ ಏನನ್ನೂ ಅರಿಯರೆಂದೂ ಹೇಳಲಿಲ್ಲ.

ನಾಟ್ಯಕ್ಕೆ ಹೇಳಿದ ಈ ನ್ಯಾಯವು ಚಿತ್ರಕ್ಕೂ ಸಲ್ಲುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ. ನಮ್ಮ ಕಾವ್ಯನಾಟಕಗಳಲ್ಲಿ ಬರುವ ಚಿತ್ರಶಾಲೆಗಳು ಬಹುಮಟ್ಟಿಗೆ ಅರಮನೆಗಳಿಗೆ ಸೇರಿದುವು. ಅಲ್ಲಿ ನೋಡುವವರು ಕೆಲವರು, ಅವರೂ ಪರಿಚಿತರು. ಭವಭೂತಿಯ ಉತ್ತರರಾಮಚರಿತದ ಪ್ರಥಮಾಂಕದಲ್ಲಿ ಬರುವ ಚಿತ್ರದರ್ಶನವನ್ನು ನೆನೆಯಬಹುದು. ಅಲ್ಲಿ ನೋಡುವವರು ಸೀತಾರಾಮಲಕ್ಷ್ಮಣರು. ಭಿತ್ತಿಯ ಮೇಲೆ ಬರೆದಿರುವುದು ಅವರ ಚರಿತ್ರೆಯೇ. ಚಿತ್ರವು ನಡೆದ ಸಂಗತಿಗೆ ಎಷ್ಟು ಸಮೀಪವಾಗಿದೆಯೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಶೂರ್ಪಣಖೆಯ ರೂಪವನ್ನು ಕಂಡೊಡನೆ ಸೀತೆಯು ಬೆದರುತ್ತಾಳೆ. ಇದು ಚಿತ್ರವೆಂದು ರಾಮನು ಆಕೆಗೆ ನೆನಪು ಮಾಡಿಕೊಡಬೇಕಾಗುತ್ತದೆ. ಕಣ್ಣಾರೆ ಕಂಡವರನ್ನೇ ಚಿತ್ರವು ಹೀಗೆ ಮರುಳುಗೊಳಿಸುವುದಾದರೆ, ಏನನ್ನೂ ಕಾಣದ ಸಹಸ್ರಾರು ಜನರ ಮುಂದೆ ಅದನ್ನು ನಿಲ್ಲಿಸಿದಾಗ ಏನಾಗಬಹುದು?

ಈ ಪ್ರಶ್ನೆಗೆ ಕಲ್ಪನೆಯಿಂದ ಉತ್ತರ ಹೇಳಬೇಕಾದ ಅಗತ್ಯವಿಲ್ಲ. ಆಂಗ್ಲೇಯರ ರಾಜಧಾನಿಯಾದ ಲಂಡನ್ ನಗರದಲ್ಲಿ ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ವರ್ಷವರ್ಷವೂ ವಸಂತ ಗ್ರೀಷ್ಮಗಳಲ್ಲಿ ಚಿತ್ರಪ್ರದರ್ಶನಗಳು ನಡೆಯುತ್ತ ಬಂದಿವೆ. ಅವುಗಳ ಚರಿತ್ರೆಯನ್ನು ಸಂಕ್ಷೇಪವಾಗಿ ನಿರೂಪಿಸಿ, ಅಲ್ಲಿ ಪ್ರಾಶ್ನಿಕಪದವಿಯು ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಬೆಂಗಳೂರು ಶ್ರೀರಂಗಪಟ್ಟಣಗಳೂ ಆ ಗೋಡೆಗಳ ಮೇಲೆ ತೂಗಾಡಿದುವಾದುದರಿಂದ ಈ ವಿಚಾರವು ಕನ್ನಡಿಗರಿಗೆ ಪರಕೀಯವಾದುದಲ್ಲ.

೨

ಕ್ರಿ. ಶ. ೧೭೬೦ಕ್ಕೆ ಹಿಂದೆ ಲಂಡನ್ನಿನಲ್ಲಿ ಸಮಕಾಲೀನ ಚಿತ್ರಗಾರರ ಕೃತಿಗಳನ್ನು ಸಾರ್ವಜನಿಕರು ಒಂದೆಡೆ ನೋಡುವುದಕ್ಕೆ ಸರಿಯಾದ ಸ್ಥಳವಿರಲಿಲ್ಲ. ಕ್ಯಾಪ್ಟನ್ ಕೋರಮ್ ಎಂಬ ದಯಾಳುವು ಸ್ಥಾಪಿಸಿದ ಅನಾಥಶಿಶುಗಳ ಆಶ್ರಮಕ್ಕೆ ಹೋಗಾರ್ತ್ ಮುಂತಾದ ಚಿತ್ರಗಾರರು ತಮ್ಮ ಪಟಗಳನ್ನು ದಾನವಾಗಿ ಕೊಟ್ಟಿದ್ದರು. ಮಕ್ಕಳನ್ನು ನೋಡಲು ಬಂದ ಶ್ರೀಮಂತರು ಪಟಗಳನ್ನೂ ನೋಡಿಹೋಗುತ್ತಿದ್ದರು. ಜನರಿಗೆ ಚಿತ್ರವನ್ನು ನೋಡುವ ಆಸೆಯಿದೆಯೆಂಬುದು ಇದರಿಂದ ಚಿತ್ರಗಾರರಿಗೆ ಮನದಟ್ಟಾಯಿತು. ೧೭೬೦ರ ಏಪ್ರಿಲ್ ತಿಂಗಳಲ್ಲಿ ಅವರು ಒಟ್ಟುಗೂಡಿ, ಕಲೆ ಕೈಗಾರಿಕೆಗಳ ಪ್ರೋತ್ಸಾಹಕ ಸಂಘದ ದೊಡ್ಡ ಕೊಠಡಿಯಲ್ಲಿ ಪ್ರಥಮ ಪ್ರದರ್ಶನವನ್ನು ಏರ್ಪಡಿಸಿದರು. ಪ್ರವೇಶಕ್ಕೆ ಹಣವಿರಲಿಲ್ಲ, ಚಿತ್ರಸೂಚಿಗೆ ಮಾತ್ರ ಆರು ಪೆನ್ನಿಗಳ ಬೆಲೆಯಿತ್ತು. ಜನರು ನೂಕುನುಗ್ಗಲಾಗಿ ಬಂದರು. ಮರುವರ್ಷ ಚಿತ್ರಗಾರರಲ್ಲಿಯೇ ಒಡಕುಂಟಾಗಿ, ಒಂದು ಪಕ್ಷದವರು ಸ್ಪ್ರಿಂಗ್ ಗಾರ್ಡನ್ಸ್ ಎಂಬಲ್ಲಿಗೆ ಹೋಗಿ, ಒಂದು ಷಿಲಿಂಗ್ ಬೆಲೆಯ ಚಿತ್ರಸೂಚಿಯನ್ನು ಕೊಂಡವರಿಗೇ ಪ್ರವೇಶವೆಂದು ನಿಯಮಮಾಡಿದರು.

ಆ ೧೭೬೧ರ ಚಿತ್ರಸೂಚಿಯ ಕೊನೆಯಲ್ಲಿ ಹೋಗಾರ್ತನು ಒಂದು ವಿಡಂಬನ ಚಿತ್ರವನ್ನು ಬರೆದನು. ಒಳ್ಳೆಯ ಉಡುಪನ್ನು ತೊಟ್ಟ ಕೋತಿಯೊಂದು ಕೈಯಲ್ಲಿ ಭೂತಕನ್ನಡಿಯನ್ನು ಹಿಡಿದು, ಒಣಗಿದ ಮೂರು ಮೋಟುಮರಗಳಿಗೆ ನೀರೆರೆಯುತ್ತಿದೆ. ಪರದೇಶದ ಹಳೆಯ ಪಟಗಳನ್ನೇ ಹೊಗಳುತ್ತ, ತಮ್ಮ ಕಾಲದ ಕಲಾವಿದರನ್ನು ಕಡೆಗಣಿಸುತ್ತಿದ್ದ ರಸಿಕಂಮನ್ಯರಿಗೆ ಇದು ಛಡಿಯೇಟು. ಅಂದಿನವರೆಗೆ ಚಿತ್ರದ ಪ್ರಾಶ್ನಿಕರೆನಿಸಿಕೊಂಡಿದ್ದವರು ಇಂಥ ಶ್ರೀಮಂತರೇ. ಹೋಗಾರ್ತನು ಅವರಿಂದ ಆ ಪದವಿಯನ್ನು ಕಿತ್ತು ಜನರ ಕೈಗೆ ಕೊಡಬಯಸಿದನು.

ಆದರೆ ಎಲ್ಲ ಜನರ ಕೈಗೂ ಅಲ್ಲ. ಮರುವರ್ಷದ, ಎಂದರೆ ೧೭೬೨ರ ಚಿತ್ರಸೂಚಿಗೆ ಪೀಠಿಕೆಯನ್ನು ಬರೆದವನು ನಿಘಂಟುಕಾರನೆಂದು ಪ್ರಸಿದ್ಧನಾದ ಸ್ಯಾಮ್ಯುಯಲ್ ಜಾನ್ಸನನು. ಷಿಲಿಂಗಿನ ಬೆಲೆಯನ್ನು ಸಮರ್ಥಿಸುತ್ತ ಅವನು ಹೇಳಿದ ಮಾತಿನ ತಾತ್ಪರ್ಯವು ಹೀಗಿದೆ: ಪ್ರದರ್ಶನವನ್ನು ನೋಡುವ ಆಸೆ ಎಲ್ಲರಿಗೂ ಇರುವುದು ಅನುಭವದಿಂದ ತಿಳಿದಿದೆ, ಆದರೆ ಎಲ್ಲರೂ ಕಲೆಯ ನಿರ್ಣಾಯಕರಾಗಲಾರರು, ಎಲ್ಲರೂ ಕೊಳ್ಳುವವರೂ ಆಗಲಾರರು. ನಿರ್ಣಾಯಕರನ್ನೂ ಕೊಳ್ಳುವವರನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದನ್ನು ವಾಚಕರು ಗಮನಿಸಬೇಕು. ಅರಿವಿನ ಅಳತೆಗೆ ಬೇರೆ ಸಾಧನವಿಲ್ಲದುದರಿಂದ ಒಂದು ಷಿಲಿಂಗಿನ ನಾಣ್ಯವೇ ಅಧಿಕಾರಪರೀಕ್ಷೆಯಾಗಿ ಪರಿಣಮಿಸಿತು.

೩

೧೭೬೮ನೆಯ ಇಸವಿ ಡಿಸೆಂಬರ್ ೧೦ರಂದು ಮೂರನೆಯ ಜಾರ್ಜ್ ದೊರೆಯು ರಾಯಲ್ ಅಕಾಡೆಮಿಯೆಂಬ ಕಲಾಪರಿಷತ್ತಿನ ಸ್ಥಾಪನೆಗೆ ಅಂಕಿತ ಹಾಕಿದನು. ಜಾಷುವ ರೇನಾಲ್ಡ್ಸನು ಅದರ ಪ್ರಥಮಾಧ್ಯಕ್ಷನು. ಚಿತ್ರವಿದ್ಯೆಯನ್ನು ಕಲಿಯುವವರಿಗೆ ಶುಲ್ಕವಿಲ್ಲದೆ ಪಾಠ ಹೇಳುವುದು, ವರ್ಷಕ್ಕೊಮ್ಮೆ ಪ್ರದರ್ಶನವನ್ನು ನಡೆಸುವುದು, ಈ ಎರಡೂ ಪರಿಷತ್ತಿನ ಮುಖ್ಯ ಕರ್ತವ್ಯಗಳು. ಪ್ರದರ್ಶನದ ಹಣದಿಂದ ಪಾಠಶಾಲೆ ನಡೆಯಬೇಕು. ಮೊದಲ ಕೆಲವು ವರ್ಷಗಳ ಕೊರತೆಯನ್ನು ದೊರೆಯೇ ತನ್ನ ಸ್ವಂತ ಬೊಕ್ಕಸದಿಂದ ತುಂಬಿದನು. ಜಾನ್ಸನನು ಪ್ರಾಚೀನ ಸಾಹಿತ್ಯದ, ಗೋಲ್ಡ್‌ಸ್ಮಿತ್ ಕವಿಯು ಪ್ರಾಚೀನ ಇತಿಹಾಸದ ಗೌರವಾಚಾರ್ಯರಾಗಿ ನಿಯಮಿತರಾದರು. ಸಾಹಿತ್ಯಕ್ಕೂ ಚಿತ್ರಕ್ಕೂ ಆ ಪರಿಷತ್ತಿನಲ್ಲಿ ಪ್ರಾರಂಭದಿಂದಲೇ ನಂಟಿತ್ತು.

ಪರಿಷತ್ತಿನ ಪ್ರಥಮ ಪ್ರದರ್ಶನವು ೧೭೬೯ರ ಏಪ್ರಿಲ್ ಕೊನೆಯಲ್ಲಿ ಪಾಲ್ ಮಾಲ್ ಎಂಬ ಬೀದಿಯಲ್ಲಿ ತೆರೆಯಿತು. ಅಲ್ಲಿದ್ದ ಕೃತಿಗಳು ೧೩೬. ದೊರೆಯ ಆಶ್ರಯದಲ್ಲಿ ನಡೆಯುವ ಪ್ರದರ್ಶನಕ್ಕೆ ಹಣವೇಕೆ ಎಂದು ಜನರು ಕೇಳಿಯಾರೆಂದು ಚಿತ್ರಸೂಚಿಯ ಆದಿಯಲ್ಲಿಯೇ ಸಮಾಧಾನವನ್ನು ಅಚ್ಚುಹಾಕಿಸಿದರು: ಅಯೋಗ್ಯರಾದವರು ತುಂಬಿಕೊಂಡು, ಯಾರಿಗಾಗಿ ಪ್ರದರ್ಶನವು ಏರ್ಪಟ್ಟಿದೆಯೋ ಅವರಿಗೇ ಎಡೆಯಿಲ್ಲದಂತಾಗುವುದನ್ನು ತಪ್ಪಿಸಲು ಬೇರೆ ಉಪಾಯ ತೋರಲಿಲ್ಲ ಎಂಬುದೇ ಅದರ ಸಾರ.

ಇಂಥ ಪ್ರದರ್ಶನಗಳು ಬೇಸಗೆಯಲ್ಲಿಯೇ ನಡೆಯುವುದಕ್ಕೆ ಕಾರಣಗಳುಂಟು. ಪಾರ್ಲಿಮೆಂಟು ಸೇರುವ ಕಾಲದಲ್ಲಿ ಹಳ್ಳಿಗಾಡಿನ ಜಹಗೀರುದಾರರು ಕುಟುಂಬಸಮೇತರಾಗಿ ರಾಜಧಾನಿಗೆ ಬಂದು ಬೇಸಗೆಯ ನಡುವಿನವರೆಗೆ ನಿಲ್ಲುತ್ತಿದ್ದರು. ಪಟಗಳನ್ನು ಬರೆಯಿಸುವವರೂ ಕೊಳ್ಳುವವರೂ ಅವರೇ. ಅಲ್ಲದೆ ಮೇಲ್ಛಾವಣಿಯ ಗಾಜಿನಿಂದ ಇಳಿಯುವ ಬೆಳಕನ್ನು ನಂಬಿದ ಕೊಠಡಿಗಳಿಗೆ ಆ ದೇಶದ ಚಳಿಗಾಲದ ಮಬ್ಬು ಹಗಲು ಸಾಲದು. ನಮ್ಮಲ್ಲಿ ಗ್ರೀಷ್ಮವು ಜನರನ್ನು ಮನೆಯೊಳಗೆ ಅಡಗಿಸಿದರೆ, ಅವರಲ್ಲಿ ಅದು ಮನೆಯಿಂದ ಹೊರಡಿಸುವ ಋತು.

೧೭೮೦ರಲ್ಲಿ ಪ್ರದರ್ಶನವು ಸಾಮರ್ಸೆಟ್ ಹೌಸ್ ಎಂಬ ಹೊಸ ಭವನಕ್ಕೆ ಬಂದಿತು. ವಿಲಿಯಮ್ ಚೇಂಬರ್ಸ್ ಎಂಬ ಶಿಲ್ಪಿಯು ಕಟ್ಟಿದ ಆ ಭವನದ ತುತ್ತತುದಿಯಲ್ಲಿ ಮಹಾಶಾಲೆ. ಅಲ್ಲಿಗೆ ಹತ್ತಬೇಕಾದ ಸುರುಳಿ ಮೆಟ್ಟಿಲುಗಳು ಬಹಳ ಕಡಿದಾಗಿದ್ದುವು. ಜನರು ಒಬ್ಬರ ಮೇಲೊಬ್ಬರು ಉರುಳಿಬೀಳುವಂತೆ ರೋಲಂಡ್‌ಸನ್ ಎಂಬ ಹಾಸ್ಯಚಿತ್ರಕಾರನು ಬರೆದ ಪಟವು ಈಗಲೂ ಪ್ರಸಿದ್ಧವಾಗಿದೆ. ಏದುಸಿರು ಬಿಡುತ್ತ ಮೇಲೇರಿದವನಿಗೆ ಬಾಗಿಲ ಮೇಲೆ ಗ್ರೀಕ್ ಭಾಷೆಯಲ್ಲಿ ಕೆತ್ತಿದ ಬರಹವೊಂದು ಎದುರಾಗುತ್ತಿತ್ತು. ಕಲಾದೇವಿಯರ ಪರಿಚಯವಿಲ್ಲದವನು ಒಳಗೆ ಬರಕೂಡದು ಎಂಬುದು ಅದರ ಅಭಿಪ್ರಾಯ. ಸಾಹಿತ್ಯ ಸಂಗೀತ ಕಲೆಗಳ ವಾಸನೆಯಿಲ್ಲದವನನ್ನು ಪಶುಗಳೊಡನೆ ಎಣಿಸಿದ ನಮ್ಮ ಭರ್ತೃಹರಿಯು ಈ ಬರಹಕ್ಕೆ ತಲೆದೂಗುತ್ತಿದ್ದನು. ಆದರೆ ಕೆಳಗೆ ಷಿಲಿಂಗು ಕೊಟ್ಟು ಬಂದವರಲ್ಲಿ ಗ್ರೀಕ್ ಬಲ್ಲವರು ಎಷ್ಟು ಮಂದಿ? ಅದನ್ನು ಓದಲಾರದವನಿಗೆ ಅದು ತಡೆಯಲ್ಲ. ಓದಬಲ್ಲವನಿಗೆ ತಡೆಯೇ ಬೇಕಾಗಿಲ್ಲ. ಹೀಗೆ ಬಾಗಿಲ ಮೇಲಿನ ನಿಷೇಧವು ಅಲಂಕಾರವಾಗಿ ಉಳಿದು, ಜನಪ್ರವಾಹವು ಅದರ ಕೆಳಗೆ ಹರಿದುಹೋಯಿತು.

೪

ಒಳಗೆ ಪಟಗಳು ಚೌಕಟ್ಟಿಗೆ ಚೌಕಟ್ಟು ತಗುಲಿಕೊಂಡು ನೆಲದಿಂದ ಛಾವಣಿಯವರೆಗೆ ತುಂಬಿದ್ದುವು. ನೆಲದಿಂದ ಸುಮಾರು ಎಂಟು ಅಡಿ ಎತ್ತರದಲ್ಲಿ ಗೋಡೆಯ ಸುತ್ತಲೂ ಒಂದು ಪಟ್ಟಿ. ಅದಕ್ಕೆ ರೇಖೆಯೆಂದೇ ಹೆಸರು. ಆ ರೇಖೆಯ ಮೇಲೆ ಸ್ಥಾನ ಸಿಕ್ಕಿದ ಪಟಕ್ಕೆ ಮರ್ಯಾದೆ. ಛಾವಣಿಗೆ ಹತ್ತಿದ ಪಟವು ಕಣ್ಣಿಗೆ ಬೀಳದೆ ಹೋಗುವುದು. ಆದುದರಿಂದ ಪ್ರೇಕ್ಷಕರು ಬರುವುದಕ್ಕೆ ಮೊದಲೇ, ಪಟಗಳನ್ನು ತೂಗುಹಾಕುವ ಸಮಿತಿಯವರು ಒಂದು ತೀರ್ಪನ್ನು ಕೊಟ್ಟುಬಿಡುತ್ತಿದ್ದರು. ೧೭೮೪ರಲ್ಲಿ ಗೇನ್ಸ್‌ಬರೋ ಎಂಬ ಮಹಾಚಿತ್ರಗಾರನು ಮೂವರು ರಾಜಕುಮಾರಿಯರ ಪಟವನ್ನು ರೇಖೆಗಿಂತ ಕೆಳಗೆ, ನೋಡುವವರ ಕಣ್ಣಿಗೆ ಸಮೀಪವಾಗಿ ಹಾಕಬೇಕೆಂದು ಕೇಳಿದನು. ತನ್ನ ಕುಂಚದ ಸೌಕುಮಾರ್ಯವು ದೂರದಿಂದ ಕಾಣದೆಂಬುದು ಅವನ ವಾದ. ಸಮಿತಿಯವರು ನಿಯಮವನ್ನು ಸಡಿಲಿಸಲಿಲ್ಲ. ಅವನು ತನ್ನ ಪಟಗಳನ್ನೆಲ್ಲ ಹಿಂದಕ್ಕೆ ತರಿಸಿಕೊಂಡು, ಬದುಕಿರುವವರೆಗೆ ಮತ್ತೆ ಅಲ್ಲಿಗೆ ಯಾವುದನ್ನೂ ಕಳುಹಿಸಲಿಲ್ಲ.

ಪಟಕ್ಕೆ ಪಕ್ಕದ ಪಟವೇ ಶತ್ರುವಾಗುವುದೂ ಉಂಟು. ಪ್ರದರ್ಶನವು ತೆರೆಯುವ ಮುನ್ನ ವಾರ್ನಿಷ್ ಬಳಿಯುವುದಕ್ಕೆಂದು ಸದಸ್ಯರಿಗೆ ೧೮೦೯ರಿಂದ ಕೆಲವು ದಿನಗಳ ಅವಕಾಶವನ್ನು ಕೊಟ್ಟಿದ್ದರು. ೧೮೩೨ರಲ್ಲಿ ಕಾನ್‌ಸ್ಟೇಬಲನು ವಾಟರ್‌ಲೂ ಸೇತುವೆಯ ಪ್ರಾರಂಭೋತ್ಸವದ ಪಟಕ್ಕೆ ಕೆಂಪು ಮುಂತಾದ ಉಜ್ಜ್ವಲವರ್ಣಗಳನ್ನು ತುಂಬುತ್ತಿದ್ದನು. ಅದರ ಪಕ್ಕದಲ್ಲಿ ಟರ್ನರನ ಬೂದುಬಣ್ಣದ ಸಮುದ್ರಚಿತ್ರವಿತ್ತು. ಟರ್ನರನು ಬಂದು, ಎರಡನ್ನೂ ನೋಡಿ, ತನ್ನ ಸಮುದ್ರದ ಮೇಲೆ ಒಂದು ಕೆಂಪು ಬೊಟ್ಟನ್ನಿಟ್ಟು ಮಾತಿಲ್ಲದೆ ಹೊರಟುಹೋದನು. ಆ ಒಂದು ಬೊಟ್ಟಿನ ಮುಂದೆ ನೆರೆಯ ಪಟದ ಕೆಂಪೆಲ್ಲವೂ ಕಳೆಗುಂದಿತು. ಆಮೇಲೆ ಅವನು ಅದನ್ನು ತೇಲುವ ಗುರುತುಪೀಪಾಯಿಯ ಆಕಾರಕ್ಕೆ ತಿದ್ದಿದನು. ಒಂದು ಶಬ್ದದಿಂದ ಇಡೀ ಪದ್ಯವು ಧ್ವನಿಸುವುದನ್ನು ಬಲ್ಲ ನಮ್ಮ ಆಲಂಕಾರಿಕರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ.

ಸಾಹಿತ್ಯೋಪಾಧ್ಯಾಯರು ಗಮನಿಸತಕ್ಕ ಇನ್ನೊಂದು ಸಂಗತಿಯಿದೆ. ೧೭೯೮ರಿಂದ ಚಿತ್ರಸೂಚಿಯಲ್ಲಿ ಪಟದ ಹೆಸರಿನೊಡನೆ ಪದ್ಯಪಂಕ್ತಿಗಳನ್ನೂ ಅಚ್ಚುಹಾಕಿಸುವುದಕ್ಕೆ ಚಿತ್ರಗಾರರಿಗೆ ಅನುಮತಿ ದೊರೆಯಿತು. ಟರ್ನರನು ಮಿಲ್ಟನ್, ಥಾಮ್‌ಸನ್ ಮುಂತಾದ ಕವಿಗಳ ಪಂಕ್ತಿಗಳನ್ನಲ್ಲದೆ, ಮುಂದೆ ತಾನೇ ರಚಿಸಿದ ಪದ್ಯಗಳನ್ನೂ ಹಾಕಿಸಿದನು. ಪಟವನ್ನು ಹೇಗೆ ನೋಡಬೇಕೆಂಬುದನ್ನು ಪ್ರೇಕ್ಷಕನಿಗೆ ಪಟದ ಹೊರಗಿನ ಮಾತು ಹೇಳತೊಡಗಿತು. ಈ ಅಭ್ಯಾಸದ ಫಲವನ್ನು ಮುಂದೆ ನೋಡುವೆವು.

೫

ತೂಗುಸಮಿತಿಯ ತೀರ್ಪಿನ ಮೇಲೆ ಜನರ ತೀರ್ಪೂ ಒಂದಿತ್ತು. ಅದು ಕಾಲುಗಳಿಂದ ಕೊಟ್ಟ ತೀರ್ಪು. ೧೮೨೨ರಲ್ಲಿ ಸ್ಕಾಟ್‌ಲೆಂಡಿನ ಡೇವಿಡ್ ವಿಲ್ಕಿಯು ಒಂದು ಪಟವನ್ನಿಟ್ಟನು. ಚೆಲ್ಸಿಯ ಹಳೆಯ ಸೈನಿಕರು ವಾಟರ್‌ಲೂ ಯುದ್ಧದ ವಾರ್ತೆಯನ್ನು ಓದಿ ಕೇಳುತ್ತಿರುವುದೇ ಅದರ ವಸ್ತು. ಆ ಯುದ್ಧವನ್ನು ಗೆದ್ದ ವೆಲ್ಲಿಂಗ್‌ಟನ್ ಪ್ರಭುವೇ ೧,೨೦೦ ಗಿನಿಗಳನ್ನು ಕೊಟ್ಟು ಅದನ್ನು ಬರೆಯಿಸಿದನು. ಜನರು ಮುತ್ತಿದುದರಿಂದ ಪಟದ ರಕ್ಷಣೆಗೆ ಕಟಕಟೆಯನ್ನು ಹಾಕಬೇಕಾಯಿತು. ೧೮೫೮ರಲ್ಲಿ ಫ್ರಿತ್ ಎಂಬವನು ಕುದುರೆಪಂದ್ಯದ ಜನಸಂದಣಿಯನ್ನು ಬರೆದ ಪಟಕ್ಕೂ ಹಾಗೆಯೇ ಕಟಕಟೆಯಾಯಿತು. ಸಂದಣಿಯ ಪಟವನ್ನು ನೋಡಲು ಸಂದಣಿಯೇ ನೆರೆಯಿತು. ೧೮೭೪ರಲ್ಲಿ ಎಲಿಜಬೆತ್ ಥಾಮ್‌ಸನ್ ಎಂಬ ತರುಣಿಯು ಕ್ರಿಮಿಯ ಯುದ್ಧದಲ್ಲಿ ಅಳಿದುಳಿದ ಸೈನಿಕರು ಹಿಮದಲ್ಲಿ ಸಾಲಾಗಿ ನಿಂತು ಹೆಸರು ಹೇಳುವುದನ್ನು ಬರೆದಾಗ, ಪಟದ ಬಳಿ ಪೋಲೀಸಿನವನನ್ನೇ ನಿಲ್ಲಿಸಬೇಕಾಯಿತು. ಕೊನೆಗೆ ವಿಕ್ಟೋರಿಯ ರಾಣಿಯು ಅದನ್ನು ಪಡೆದುಕೊಂಡಳು.

ಜನರ ತೀರ್ಪನ್ನು ಪಂಡಿತರು ಎಷ್ಟರಮಟ್ಟಿಗೆ ಮನ್ನಿಸಿದರೆಂಬುದಕ್ಕೆ ಈ ಥಾಮ್‌ಸನ್ನಳ ವೃತ್ತಾಂತವೇ ನಿದರ್ಶನ. ೧೭೬೮ರ ಸ್ಥಾಪಕಸದಸ್ಯರಲ್ಲಿ ಆಂಜೆಲಿಕ ಕೌಫ್‌ಮನ್, ಮೇರಿ ಮೋಸರ್ ಎಂಬ ಇಬ್ಬರು ಸ್ತ್ರೀಯರಿದ್ದರು. ಆದರೆ ಸದಸ್ಯರ ಸಮೂಹವನ್ನು ಬರೆದು ೧೭೭೨ರಲ್ಲಿ ಪ್ರದರ್ಶಿಸಿದ ಜೋಫನಿಯ ಪಟದಲ್ಲಿ ಪುರುಷರೆಲ್ಲರೂ ಕೊಠಡಿಯಲ್ಲಿ ಕಲೆತಿದ್ದರೆ, ಇವರಿಬ್ಬರು ಗೋಡೆಗೆ ತೂಗುಹಾಕಿದ ಭಾವಚಿತ್ರಗಳಾಗಿ ಮಾತ್ರ ಕಾಣುತ್ತಾರೆ. ೧೮೭೯ರಲ್ಲಿ ಥಾಮ್‌ಸನ್ನಳ ಹೆಸರು ಸದಸ್ಯತ್ವಕ್ಕೆ ಬಂದಾಗ ಎರಡು ಮತಗಳಿಂದ ಬಿದ್ದುಹೋಯಿತು. ಆ ಇಬ್ಬರ ತರುವಾಯ ಸ್ತ್ರೀಯೊಬ್ಬಳು ಪೂರ್ಣಸದಸ್ಯಳಾಗಿ ಆಯ್ಕೆಯಾದುದು ೧೯೩೬ರಲ್ಲಿ. ಆಕೆ ಲಾರಾ ನೈಟ್.

೬

ಈಗ ನಮ್ಮ ನಾಡಿನ ಸಂಗತಿಗೆ ಬರೋಣ. ರಾಬರ್ಟ್ ಹೋಮ್ ಎಂಬ ಚಿತ್ರಗಾರನು ೧೭೯೧ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಡನೆ ಮೈಸೂರು ಸೀಮೆಗೆ ಬಂದನು. ಅವನು ಬರೆದ ಎರಡು ಪಟಗಳು ೧೭೯೭ರ ಪ್ರದರ್ಶನದಲ್ಲಿ ಸಾಮರ್ಸೆಟ್ ಹೌಸಿನ ಗೋಡೆಯನ್ನೇರಿದುವು. ೧೭೯೧ರ ಮಾರ್ಚ್ ೭ರಂದು ಬೆಂಗಳೂರಿನ ಪೇಟೆಬಾಗಿಲನ್ನು ಮುತ್ತುವಾಗ ಮಡಿದ ಕರ್ನಲ್ ಮೂರ್‌ಹೌಸನ ಮರಣವು ಒಂದರ ವಸ್ತು. ಟೀಪು ಸುಲ್ತಾನನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸನು ೧೭೯೨ರ ಫೆಬ್ರವರಿಯಲ್ಲಿ ಒತ್ತೆಯಾಗಿ ಬರಮಾಡಿಕೊಂಡುದು ಇನ್ನೊಂದರದು. ಮಡಿಯುವ ನಾಯಕನನ್ನು ಸಂಗಡಿಗರು ಸುತ್ತುವರಿದು ಆತುಕೊಂಡಿರುವ ಕ್ರಮವನ್ನು ವೆಸ್ಟ್ ಎಂಬವನು ಕೆನಡಾ ಯುದ್ಧದ ಪಟದಲ್ಲಿ ೧೭೭೧ರಲ್ಲಿಯೇ ಪ್ರದರ್ಶಿಸಿ ಜನಪ್ರಿಯಗೊಳಿಸಿದ್ದನು. ಆ ಕ್ರಮವೇ ಬೆಂಗಳೂರಿಗೂ ಬಂದಿತು. ಪಟದಲ್ಲಿ ನಮ್ಮ ಪೇಟೆಯು ಹಿನ್ನೆಲೆ ಮಾತ್ರ. ಅಂದು ಅಲ್ಲಿ ಮಡಿದ ಊರಿನವರ ಕಡೆಗೆ ನೋಡುವವನ ಕಣ್ಣು ಹೊರಳುವಂತೆ ಅದನ್ನು ಯೋಜಿಸಿಲ್ಲ.

ಒತ್ತೆಯ ಪಟದಲ್ಲಿ ಕಾಣುವುದು ಎಳೆಯ ರಾಜಕುಮಾರರನ್ನು ಆದರದಿಂದ ಬರಮಾಡಿಕೊಳ್ಳುವ ತಂದೆಯಂಥ ಸೇನಾಪತಿ. ಆ ಒತ್ತೆಗೆ ಕಾರಣವಾದ ಒಪ್ಪಂದದಲ್ಲಿ ಟೀಪುವು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಬೇಕಾಗಿತ್ತು. ಪಟದಲ್ಲಿ ವಾತ್ಸಲ್ಯವು ಕಾಣುತ್ತದೆ, ಲೆಕ್ಕವು ಕಾಣುವುದಿಲ್ಲ. ಲಂಡನ್ನಿನ ಪ್ರೇಕ್ಷಕನಿಗೆ ಅದನ್ನು ಎತ್ತಿ ಕೇಳಬಲ್ಲವರು ಆ ಮಹಾಶಾಲೆಯಲ್ಲಿ ಇರಲಿಲ್ಲ.

೧೭೯೯ನೆಯ ಇಸವಿ ಮೇ ೪ರಂದು ಶ್ರೀರಂಗಪಟ್ಟಣವು ಬಿದ್ದಿತು; ಟೀಪುವು ಯುದ್ಧದಲ್ಲಿ ಮಡಿದನು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ಇಪ್ಪತ್ತಮೂರರ ತರುಣನು ಆ ಮುತ್ತಿಗೆಯನ್ನು ಸುಮಾರು ೧೨೦ ಅಡಿ ಉದ್ದದ ಪಟದಲ್ಲಿ ಬರೆದು, ಸ್ಟ್ರ್ಯಾಂಡ್ ಬೀದಿಯ ಲೈಸಿಯಮ್ ಎಂಬ ರಂಗಮಂದಿರದಲ್ಲಿ ಪ್ರದರ್ಶಿಸಿದನು. ಆರು ವಾರಗಳಲ್ಲಿ ಬರೆದು ಮುಗಿಸಿದನೆಂದು ಪ್ರತೀತಿ. ಅವನು ಭರತಖಂಡವನ್ನು ಕಂಡವನಲ್ಲ; ಕಂಡವರಿಂದ ಕೇಳಿ ಬರೆದನು. ಪಟದೊಡನೆ ಪಟದಲ್ಲಿದ್ದವರ ವಿವರಗಳುಳ್ಳ ಪುಸ್ತಿಕೆಯನ್ನೂ ಮಾರುತ್ತಿದ್ದರು. ಆ ಮಹಾಪಟವು ಮುಂದೆ ಬೆಂಕಿಗೆ ಆಹುತಿಯಾಯಿತು. ಅದರ ಅಚ್ಚುಚಿತ್ರಗಳು ಮಾತ್ರ ಉಳಿದಿವೆ.

ಮೂರನೆಯದು ಮೇಲೆ ಹೇಳಿದ ವಿಲ್ಕಿಯದೇ. ಸೇನಾಪತಿ ಡೇವಿಡ್ ಬೇರ್ಡನು ದೀವಟಿಗೆಯ ಬೆಳಕಿನಲ್ಲಿ ಟೀಪುವಿನ ಶವವನ್ನು ಕಂಡುಹಿಡಿದ ಸಂದರ್ಭವನ್ನು ಬೇರ್ಡನ ವಿಧವೆಯು ವಿಲ್ಕಿಯಿಂದ ಬರೆಯಿಸಿದಳು. ೧೮೩೯ರ ಪ್ರದರ್ಶನದಲ್ಲಿ ಅದು ತೆರೆಕಂಡಿತು. ಬೇರ್ಡನ ಕಾಲಕೆಳಗೆ ನೆಲಮಾಳಿಗೆಯ ಸೆರೆಯ ಕಂಬಿಗಳನ್ನು ವಿಲ್ಕಿಯು ಬರೆದಿದ್ದಾನೆ. ಅದರ ಅರ್ಥ ಇಷ್ಟು: ೧೭೮೦ರ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನ ಯುದ್ಧದಲ್ಲಿ ಮೈಸೂರಿನವರು ಆಂಗ್ಲೇಯರನ್ನು ಮುರಿದಾಗ ಬೇರ್ಡನು ಸೆರೆಸಿಕ್ಕಿ, ೧೭೮೪ರವರೆಗೆ ಶ್ರೀರಂಗಪಟ್ಟಣದ ಬಂದಿಖಾನೆಯಲ್ಲಿದ್ದನು. ಸೆರೆಯಾಳು ವಿಜಯಿಯಾದನೆಂಬುದೇ ಪಟದ ಧ್ವನಿ. ವಿಲ್ಕಿಯೂ ಶ್ರೀರಂಗಪಟ್ಟಣವನ್ನು ಕಂಡವನಲ್ಲ.

ಆ ಪೊಳ್ಳಿಲೂರಿನ ಯುದ್ಧಕ್ಕೆ ನಮ್ಮಲ್ಲಿಯೂ ಒಂದು ಚಿತ್ರವಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಎಂಬ ಬೇಸಗೆಯ ಅರಮನೆಯ ಪಡುವಣ ಗೋಡೆಯ ಮೇಲೆ ಹೈದರ್ ಟೀಪುಗಳ ಸೈನ್ಯದ ಮುಂದೆ ಆಂಗ್ಲೇಯರ ಚೌಕವ್ಯೂಹವು ಒಡೆಯುತ್ತಿದೆ. ಅವರ ನಾಯಕನಾದ ಬೇಲಿಯು ಪಲ್ಲಕ್ಕಿಯೊಳಗೆ ಕುಳಿತಿದ್ದಾನೆ. ೧೭೯೯ರ ತರುವಾಯ ಆ ಅರಮನೆಯಲ್ಲಿ ವಾಸಮಾಡಿದ ಆರ್ಥರ್ ವೆಲ್ಲೆಸ್ಲಿಯು ತನ್ನವರ ಸೋಲನ್ನು ತೋರಿಸುವ ಈ ಚಿತ್ರವನ್ನು ಅಳಿಸದೆ ಸರಿಪಡಿಸಿದನು; ೧೮೫೫ರಲ್ಲಿ ಡಾಲ್‌ಹೌಸಿಯ ಅಪ್ಪಣೆಯಿಂದ ಅದನ್ನು ಮತ್ತೆ ಬರೆಯಿಸಲಾಯಿತು. ಈ ವೆಲ್ಲೆಸ್ಲಿಯೇ ಮುಂದೆ ವೆಲ್ಲಿಂಗ್‌ಟನ್ ಪ್ರಭುವಾಗಿ, ವಿಲ್ಕಿಯಿಂದ ಹಳೆಯ ಸೈನಿಕರ ಪಟವನ್ನು ಬರೆಯಿಸಿದವನು. ದರಿಯಾ ದೌಲತ್ತಿನ ಭಿತ್ತಿಗೂ ಲಂಡನ್ನಿನ ಕಟಕಟೆಗೂ ಹೀಗೆ ಒಬ್ಬನೇ ವ್ಯಕ್ತಿಯು ಕೊಂಡಿಯಾಗಿದ್ದಾನೆ.

ಎರಡು ನಗರಗಳೂ ತಮ್ಮ ತಮ್ಮ ಗೆಲುವನ್ನು ಬರೆದುಕೊಂಡುವು. ವ್ಯತ್ಯಾಸವಿರುವುದು ನೋಡಿದವರಲ್ಲಿ. ದರಿಯಾ ದೌಲತ್ತಿನ ಚಿತ್ರವನ್ನು ಮೊದಲು ನೋಡಿದವರಲ್ಲಿ ಪೊಳ್ಳಿಲೂರಿನಲ್ಲಿ ಹೋರಾಡಿದವರಿದ್ದರು. ಟೀಪುವೇ ಅವರಲ್ಲಿ ಒಬ್ಬನು. ಲಂಡನ್ನಿನ ಪಟಗಳನ್ನು ನೋಡಿದವರಲ್ಲಿ ಬಹುಮಂದಿಗೆ ಪಟವೇ ಆ ಸಂಗತಿಯ ಮೊದಲ ದರ್ಶನ, ಕೊನೆಯ ದರ್ಶನವೂ ಅದೇ. ಭವಭೂತಿಯ ಸೀತೆಗೆ ಇದು ಚಿತ್ರವೆಂದು ಹೇಳಲು ಪಕ್ಕದಲ್ಲಿ ರಾಮನಿದ್ದನು. ಷಿಲಿಂಗು ಕೊಟ್ಟು ಬಂದ ಪ್ರೇಕ್ಷಕನ ಪಕ್ಕದಲ್ಲಿ ಇದ್ದುದು ಗೆದ್ದವರು ಅಚ್ಚುಹಾಕಿಸಿದ ಪುಸ್ತಿಕೆ.

೭

ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರೀಷ್ಮಪ್ರದರ್ಶನಗಳು ಒಂದರಿಂದ ಹಲವಾದುವು. ಜಲವರ್ಣದವರು ೧೮೦೫ರಿಂದ ಪ್ರತ್ಯೇಕವಾಗಿ ಪ್ರದರ್ಶಿಸಿದರು. ಬ್ರಿಟಿಷ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯು ಬೇಸಗೆಯಲ್ಲಿ ಗತಿಸಿದ ಮಹಾಚಿತ್ರಗಾರರ ಪಟಗಳನ್ನು ಶ್ರೀಮಂತರ ಮನೆಗಳಿಂದ ಎರವಲು ತಂದು ತೋರಿಸಿತು. ೧೮೭೭ರ ಮೇ ತಿಂಗಳಲ್ಲಿ ಬಾಂಡ್ ಬೀದಿಯಲ್ಲಿ ತೆರೆದ ಗ್ರೋವ್‌ನರ್ ಗ್ಯಾಲರಿಯು ಪಟಗಳನ್ನು ಇಟ್ಟಣಿಸದೆ, ನಡುನಡುವೆ ಗೋಡೆಯನ್ನು ಬಿಟ್ಟು ತೂಗುಹಾಕಿ ಹೊಸ ಪದ್ಧತಿಯನ್ನು ಹಿಡಿಯಿತು.

ಅಲ್ಲಿಯೇ ಪ್ರಾಶ್ನಿಕವಿಚಾರದ ಪ್ರಸಿದ್ಧ ಕಲಹವು ಹುಟ್ಟಿತು. ವಿಸ್ಲರ್ ಎಂಬ ಅಮೆರಿಕದ ಚಿತ್ರಗಾರನು ರಾತ್ರಿಯಲ್ಲಿ ಉದುರುವ ಬಾಣಬಿರುಸಿನ ಕಿಡಿಗಳನ್ನು ಬರೆದು, ಇನ್ನೂರು ಗಿನಿಗಳ ಬೆಲೆಯಿಟ್ಟಿದ್ದನು. ರಸ್ಕಿನನು ಅದನ್ನು ಕಟುವಾಗಿ ಜರೆದನು. ವಿಸ್ಲರನು ಮಾನನಷ್ಟದ ದಾವೆ ಹೂಡಿದನು. ೧೮೭೮ರ ನವೆಂಬರಿನಲ್ಲಿ ವಿಚಾರಣೆ ನಡೆಯಿತು. ಜನಸಂದಣಿಯ ಪಟವನ್ನು ಬ��ೆದ ಫ್ರಿತನು ರಸ್ಕಿನನ ಪರವಾಗಿ ಸಾಕ್ಷಿ ನುಡಿದನು. ನ್ಯಾಯದರ್ಶಿಗಳು ವಿಸ್ಲರನಿಗೆ ಜಯವನ್ನೂ ಒಂದು ಫಾರ್ದಿಂಗನ್ನೂ ಕೊಟ್ಟರು. ಫಾರ್ದಿಂಗೆಂದರೆ ಪೆನ್ನಿಯ ಕಾಲುಭಾಗ. ವಾದಿಯು ಮರುವರ್ಷ ದಿವಾಳಿಯಾದನು. ಪ್ರತಿವಾದಿಯು ಆಕ್ಸ್‌ಫರ್ಡಿನ ಆಚಾರ್ಯಪೀಠವನ್ನು ಬಿಟ್ಟನು. ಒಬ್ಬನು ನಿಂದಿಸಿದನೇ ಎಂಬುದನ್ನು ನ್ಯಾಯಸ್ಥಾನವು ಹೇಳಬಲ್ಲುದು, ಪಟವು ಒಳ್ಳೆಯದೇ ಎಂಬುದನ್ನು ಹೇಳಲಾರದು. ತಮ್ಮದಲ್ಲದ ವಿಷಯದಲ್ಲಿ ಪ್ರಾಶ್ನಿಕರನ್ನು ಕೂಡಿಸಿದರೆ ತೀರ್ಪಿನ ಬೆಲೆ ಒಂದು ಫಾರ್ದಿಂಗಿಗೆ ಇಳಿಯುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವು ದೊರೆಯದು.

೮

ರಾಯಲ್ ಅಕಾಡೆಮಿಯ ಪ್ರದರ್ಶನವು ಸಾಮರ್ಸೆಟ್ ಹೌಸಿನಿಂದ ೧೮೩೭ರಲ್ಲಿ ಟ್ರಫಾಲ್ಗರ್ ಚೌಕಕ್ಕೂ, ೧೮೬೯ರಲ್ಲಿ ಪಿಕಡಿಲ್ಲಿಯ ಬರ್ಲಿಂಗ್‌ಟನ್ ಹೌಸಿಗೂ ಬಂದು, ಈಗಲೂ ಅಲ್ಲಿಯೇ ನಡೆಯುತ್ತಿದೆ. ೧೭೬೯ರಿಂದ ಒಂದು ವರ್ಷವೂ ತಪ್ಪಿಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿಯೂ ನಿಲ್ಲಲಿಲ್ಲ. ೨೦೨೦ ಮತ್ತು ೨೦೨೧ರಲ್ಲಿ ಸಾಂಕ್ರಾಮಿಕ ರೋಗದ ನಿಮಿತ್ತ ಶರತ್ಕಾಲಕ್ಕೆ ಸರಿಯಿತು, ಆದರೂ ನಡೆಯಿತು. ಸದಸ್ಯರಲ್ಲದ ಯಾರು ಬೇಕಾದರೂ ಕೃತಿಗಳನ್ನು ಕಳುಹಿಸಬಹುದು. ಸಮಿತಿಯು ಆರಿಸಿದ ಸಾವಿರಕ್ಕೂ ಮಿಕ್ಕ ಕೃತಿಗಳು ಗೋಡೆಯನ್ನೇರುತ್ತವೆ. ಹೆಸರಾಂತವನ ಪಟದ ಮಗ್ಗುಲಲ್ಲಿ ಹೆಸರಿಲ್ಲದವನ ಪಟ. ಮಾರಾಟವಾದುದಕ್ಕೆ ಕೆಂಪು ಚುಕ್ಕೆ. ಬಂದ ಹಣದ ಒಂದು ಭಾಗವು ಇಂದಿಗೂ ಅಲ್ಲಿನ ಪಾಠಶಾಲೆಗೆ ಸಲ್ಲುತ್ತದೆ. ಸಾಮರ್ಸೆಟ್ ಹೌಸಿನ ಮಹಾಶಾಲೆಯನ್ನು ಇಂದು ಕೋರ್ಟಾಲ್ಡ್ ಚಿತ್ರಶಾಲೆಯ ಅಂಗವಾಗಿ ನೋಡಬಹುದು. ಹೋಮನ ಪಟಗಳು ಲಂಡನ್ನಿನ ಸೈನ್ಯವಸ್ತುಸಂಗ್ರಹಾಲಯದಲ್ಲಿಯೂ, ವಿಲ್ಕಿಯ ಟೀಪುವಿನ ಪಟವು ಎಡಿನ್‌ಬರೋ ಕೋಟೆಯಲ್ಲಿಯೂ ಇವೆ. ಬೇಸಗೆಯಲ್ಲಿ ಆ ನಗರಕ್ಕೆ ಹೋಗುವ ನಮ್ಮ ವಿದ್ವಾಂಸರು ಹೊಸ ಪ್ರದರ್ಶನವನ್ನೂ ಈ ಹಳೆಯ ಪಟಗಳನ್ನೂ ಒಟ್ಟಿಗೆ ನೋಡುವುದು ಲೇಸು.

ಹಾಗೆ ನೋಡುವಾಗ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಪಟವು ರಸವತ್ತಾಗಿದೆಯೇ ಎಂಬುದು ಒಂದು. ಅದು ಹೇಳುವ ವೃತ್ತಾಂತವು ನಿಜವೇ ಎಂಬುದು ಮತ್ತೊಂದು. ರಸದ ವಿಷಯದಲ್ಲಿ ಬಾಗಿಲ ಮೇಲಿನ ಗ್ರೀಕ್ ಬರಹಕ್ಕೂ ಷಿಲಿಂಗಿನ ನಾಣ್ಯಕ್ಕೂ ಅಧಿಕಾರವಿಲ್ಲ, ಹೃದಯವಿದ್ದವನೆಲ್ಲ ಅಧಿಕಾರಿಯೇ. ಎರಡೂವರೆ ಶತಮಾನಗಳಿಂದ ಬಾಗಿಲನ್ನು ತೆರೆದಿಟ್ಟು ಲಂಡನ್ ನಗರವು ಇದನ್ನು ಸ್ಥಾಪಿಸಿದೆ. ಇದು ದೊಡ್ಡ ಉಪಕಾರ. ಆದರೆ ವೃತ್ತಾಂತದ ವಿಷಯದಲ್ಲಿ ಸಹೃದಯತೆ ಸಾಲದು. ಬಲ್ಲವನು ಬೇಕು, ಕಂಡವನು ಬೇಕು, ಸೋತವನ ಮಾತೂ ಬೇಕು. ಅದಕ್ಕೆ ಭರತನ ಪ್ರಾಶ್ನಿಕನ್ಯಾಯವೇ ಗತಿ. ೧೭೯೭ರ ಮತ್ತು ೧೮೩೯ರ ಪಟಗಳು ಅಂದಿನ ಲಂಡನ್ನಿನ ಮನಸ್ಸಿಗೆ ಒಳ್ಳೆಯ ಪ್ರಮಾಣಗಳು. ಅಂದಿನ ಬೆಂಗಳೂರು ಶ್ರೀರಂಗಪಟ್ಟಣಗಳಿಗೆ ಅಲ್ಲ. ದರಿಯಾ ದೌಲತ್ತಿನ ಭಿತ್ತಿಯನ್ನು ಓದುವಾಗಲೂ ಇದೇ ನ್ಯಾಯವನ್ನು ಅನುಸರಿಸತಕ್ಕದ್ದು. ನಮ್ಮದೆಂಬ ಮಾತ್ರಕ್ಕೆ ಅದು ಪ್ರತ್ಯಕ್ಷಪ್ರಮಾಣವಾಗದು.

ನಮ್ಮ ಶಾಲೆಗಳ ಚರಿತ್ರೆಯ ಪುಸ್ತಕಗಳಲ್ಲಿ ಇಂಥ ಪಟಗಳನ್ನು ಅಚ್ಚುಹಾಕುವಾಗ, ಅವುಗಳನ್ನು ಯಾರು ಬರೆದರು, ಯಾರು ಬರೆಯಿಸಿದರು, ಯಾವ ವರ್ಷ ಯಾವ ಗೋಡೆಯ ಮೇಲೆ ಯಾರ ಕಣ್ಣಿಗಾಗಿ ತೂಗುಹಾಕಿದರು ಎಂಬ ನಾಲ್ಕು ಮಾತುಗಳನ್ನು ಅಡಿಯಲ್ಲಿ ಸೇರಿಸುವ ಪದ್ಧತಿಯು ಬರಬೇಕು. ಇದು ಚಿತ್ರವೆಂದು ಸೀತೆಗೆ ರಾಮನು ಹೇಳಿದ ಮಾತನ್ನು ಮಕ್ಕಳಿಗೆ ಹೇಳತಕ್ಕ ಭಾರವು ಉಪಾಧ್ಯಾಯರದು.